ಅಕ್ಕಿಗೊಂದು ಮುಖ

ಕನ್ನಡದಲ್ಲಿ ಮುಖಕ್ಕೆ ಮಾಡದ ಉಪಚಾರವಿಲ್ಲ. ಮುಖವನ್ನು ಊದಿಸುತ್ತೇವೆ, ಗಂಟಿಕ್ಕುತ್ತೇವೆ, ಅತ್ತ ತಿರುಗಿಸುತ್ತೇವೆ, ನಾಲ್ಕು ಜನರ ಮುಂದೆ ಅದನ್ನು ಉಳಿಸಿಕೊಳ್ಳಲು ಹೆಣಗುತ್ತೇವೆ. ಬೇಡದವರ ಮುಖಕ್ಕೆ ಮಂಗಳಾರತಿ ಎತ್ತುತ್ತೇವೆ, ಬೇಕಾದವರ ಮುಖ ನೋಡಿ ಮಣೆ ಹಾಕುತ್ತೇವೆ. ಇಷ್ಟೆಲ್ಲ ಮಾಡುವ ನಾವು ಅದನ್ನು ನೋಡುವುದು ಮಾತ್ರ ಕಡಿಮೆ. ಮದ್ದೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವ ನನ್ನ ಎದುರಿಗೆ ದಿನವೂ ಸಾಲು ಸಾಲು ಮುಖಗಳು ಕುಳಿತಿರುತ್ತವೆ. ಯಾವುದು ಆಕಳಿಸುತ್ತಿದೆ, ಯಾವುದು ಕಿಟಕಿಯಾಚೆ ನೋಡುತ್ತಿದೆ ಎಂದು ಥಟ್ಟನೆ ಹೇಳಬಲ್ಲೆ. ಆದರೆ ಮನುಷ್ಯನ ಮೂಗು ಎಲ್ಲಿ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಬಾಯಿ ಬಿಡುತ್ತಿದ್ದೆ. ಈಗ ಗೊತ್ತಾಗಿದೆ. ಅದು ಹುಬ್ಬುಗಳ ನಡುವೆಯೇ, ಸದ್ದಿಲ್ಲದೆ ಶುರುವಾಗಿಬಿಟ್ಟಿರುತ್ತದೆ. ಇಷ್ಟು ತಿಳಿಯಲು ನಾನು ಒಂದು ಮುಖವನ್ನು ಕೈಯಾರೆ ಮಾಡಬೇಕಾಯಿತು.

ಕೈಯಾರೆ ಎಂದೆನಲ್ಲ, ಆ ಕೈಗಳ ವಿಚಾರ ಮೊದಲೇ ಹೇಳಿಬಿಡುವುದು ಒಳ್ಳೆಯದು. ರಾಗಿಮುದ್ದೆ ಕಟ್ಟಲು ಬಾರದ ಹೆಂಗಸು ಮಂಡ್ಯ ಜಿಲ್ಲೆಯಲ್ಲಿ ಸಂಸಾರ ಮಾಡುವುದು ಸುಲಭವಲ್ಲ. ನಾನು ಮಾಡಿಕೊಂಡು ಬಂದಿದ್ದೇನೆ. ಹಿಟ್ಟು ಹದವಾಗಿಯೇ ಬೇಯುತ್ತದೆ, ಗಂಟಾಗುವುದಿಲ್ಲ, ಕೋಲು ಹಿಡಿದು ತಿರುವುವುದೂ ಬರುತ್ತದೆ. ಒದ್ದೆ ಕೈಯಲ್ಲಿ ಉರುಳಿಸಿ ಗುಂಡಗೆ ಮಾಡುವ ಹೊತ್ತಿಗೆ ಏನೋ ಆಗುತ್ತದೆ. “ಎಲ್ರ ಮನೆ ಮುದ್ದೆನೂ ಗುಂಡಗಿರ್ತದೆ, ನಮ್ ಸುಮಾ ಕಟ್ಟಿದ್ ಮುದ್ದೆಗೆ ಮೂಲೆ ಇರ್ತದೆ” ಎಂದು ನಮ್ಮ ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳುವಾಗ ಅವರಿಗೆ ಕೋಪವಿರುವುದಿಲ್ಲ, ಊರಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ತಮ್ಮ ಮನೆಯಲ್ಲಿದೆ ಎಂಬ ಸಣ್ಣ ಹೆಮ್ಮೆಯೇ ಇರುತ್ತದೆ. ರಂಗೋಲಿಯ ಕಥೆಯೂ ಇಷ್ಟೆ. ನಾನು ಬಿಡಿಸಿದ ಕಮಲವನ್ನು ನೋಡಿ ಎದುರುಮನೆಯವರು “ಏಡಿ ಚೆನ್ನಾಗಿ ಬಂದದೆ ಕಣಮ್ಮ” ಎಂದಿದ್ದರು.

ಇಂಥ ಕೈಗಳನ್ನು ನಂಬಿ ಕೆಲಸ ಒಪ್ಪಿಸಿದವಳು ನನ್ನ ಒಡಹುಟ್ಟಿದ ಅಕ್ಕ, ಜಯಾ. ಹಲಗೂರಿನ ಹತ್ತಿರದ ನಮ್ಮ ತವರಿನಿಂದ ಅವಳನ್ನು ಬೆಳ್ಳೂರಿನ ಪಕ್ಕದ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಸೋಬಾನೆ ಪದಕ್ಕೆ ಅವಳು ಆ ಸೀಮೆಗೇ ಹೆಸರುವಾಸಿ. ಮದುವೆಯಿರಲಿ, ಒಸಗೆಯಿರಲಿ, ಬಾಣಂತಿಗೆ ಆರತಿಯಿರಲಿ, ಎಲ್ಲಿ ನಾಲ್ಕು ಹೆಂಗಸರು ಸೇರಿ ಹಾಡಬೇಕೋ ಅಲ್ಲಿ ಮೊದಲ ಸೊಲ್ಲು ಅವಳದು. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅವಳು ಬಾಯಿ ಮುಕ್ಕಳಿಸಿದರೆ ನೀರು ಬಾಯಲ್ಲಿ ನಿಲ್ಲದೆ ಎಡಗಡೆಯಿಂದ ಸೋರಿತು. ಕನ್ನಡಿ ನೋಡಿಕೊಂಡರೆ ಮುಖದ ಅರ್ಧಭಾಗ ಅವಳ ಮಾತು ಕೇಳುತ್ತಿರಲಿಲ್ಲ. ಊರಿನವರು ವಾಯು ಬಡೀತು ಎಂದರು. ಡಾಕ್ಟರು ಮುಖದ ನರ ಊದಿಕೊಂಡಿದೆ, ಮಾತ್ರೆ ತೆಗೆದುಕೊಳ್ಳಿ, ವ್ಯಾಯಾಮ ಮಾಡಿ, ನಿಧಾನವಾಗಿ ಸರಿಹೋಗುತ್ತದೆ ಎಂದರು. ಬಹುಪಾಲು ಸರಿಹೋಯಿತು ಕೂಡ. ಕಣ್ಣು ಮುಚ್ಚಲು ಬಂತು, ಹುಬ್ಬು ಏರಿತು. ಬಾಯಿಯ ಎಡಮೂಲೆ ಮಾತ್ರ ಕೆಳಗೇ ಉಳಿಯಿತು. ಅಂದಿನಿಂದ ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿಯದೆ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ಹಾಡಿಗೆ ಕರೆಯಲು ಬಂದವರಿಗೆ ಗಂಟಲು ಕಟ್ಟಿದೆ ಎಂದು ಹೇಳಿಸುತ್ತಿದ್ದಳು. ಗಂಟಲಿಗೆ ಏನೂ ಆಗಿರಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಈಗಲೂ ಹಾಡುತ್ತಾಳೆ, ಹಸುವಿನ ಮುಂದೆ ಅವಳಿಗೆ ನಾಚಿಕೆಯಿಲ್ಲ ಎಂದು ಭಾವ ಫೋನಿನಲ್ಲಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಅಂಥವಳು ಡಿಸೆಂಬರಿನ ಒಂದು ಭಾನುವಾರ ತಾನಾಗಿ ಫೋನು ಮಾಡಿದಳು. “ಅಮ್ಮಿ, ನಂಗೊಂದ್ ಅಕ್ಕಿ ಮೊಕ ಮಾಡ್ಕೊಡ್ತೀಯಾ? ನಿಮ್ ಸ್ಕೂಲಲ್ಲಿ ನಾಟ್ಕಕ್ಕೆ ಮಾಡಿಸಿದ್ಯಲ್ಲ, ಅಂಗೇಯ. ಸಂಕ್ರಾಂತಿ ಕಳೆದ್ ಮ್ಯಾಲೆ ನಮ್ ಸಂಘದ ಎಂಗುಸ್ರು ಇಸ್ಕೂಲ್ ತಾವ ಪ್ರೋಗ್ರಾಂ ಮಾಡ್ತಾವ್ರೆ. ಮೊಕ ಪೂರ್ತಿ ಮುಚ್ಚಂಗಿದ್ರೆ ನಾನೂ ಆಡ್ತೀನಿ.” ಆಡ್ತೀನಿ ಎಂದರೆ ಹಾಡುತ್ತೇನೆ ಎಂದು ನನಗೆ ತಕ್ಷಣ ಅರ್ಥವಾಯಿತು, ಮಿಕ್ಕದ್ದನ್ನು ಅರ್ಥಮಾಡಿಕೊಳ್ಳುವ ವ್ಯವಧಾನವೇ ಉಳಿಯಲಿಲ್ಲ. ಮಾಡಿಕೊಡ್ತೀನಿ, ಅದೇನು ಮಹಾ ಎಂದುಬಿಟ್ಟೆ. ಆಚೆ ಕಡೆಯಿಂದ ಅವಳು “ಒಂದ್ ಮಾತು ಅಮ್ಮಿ, ಅದು ಇದ್ರೆ ಮಾತ್ರ ಬತ್ತೀನಿ, ಇಲ್ದಿದ್ರೆ ಇಲ್ಲ” ಎಂದು ಹೇಳಿ ಫೋನಿಟ್ಟಳು. ಅಕ್ಕ ಮತ್ತೆ ಹಾಡುವುದೂ ಬಿಡುವುದೂ ಮುದ್ದೆ ಕಟ್ಟಲು ಬಾರದ ಈ ಎರಡು ಕೈಗಳ ಮೇಲೆ ನಿಂತಿದೆ ಎಂಬುದು ಹೊಳೆದದ್ದು ಆಮೇಲೆ.

ಅಕ್ಕಿಗೆ ಮುಖವೆಲ್ಲಿಂದ ಬಂತು ಎಂದು ನೀವು ಕೇಳಬಹುದು. ಹಿಂದಿನ ವರ್ಷ ನಮ್ಮ ಶಾಲೆಯ ಮಕ್ಕಳಿಂದ ನಾನೊಂದು ಚಿಕ್ಕ ನಾಟಕ ಆಡಿಸಿದ್ದೆ. ರಾಗಿ, ಅಕ್ಕಿ, ಹುರುಳಿ ಮೂರೂ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳವಾಡುವ ನಾಟಕ. ಅದರ ಮುಖವಾಡಗಳನ್ನು ಡ್ರಾಯಿಂಗ್ ಮೇಷ್ಟ್ರು ಥರ್ಮಾಕೋಲಿನಲ್ಲಿ ಕತ್ತರಿಸಿ ಕೊಟ್ಟಿದ್ದರು. ಅದರ ಫೋಟೋಗಳನ್ನು ಅಕ್ಕನ ಮೊಬೈಲಿಗೆ ಕಳಿಸಿದ್ದೆ. ಅವಳ ಸಂಘದವರೂ ಅಂಥದ್ದೇ ಏನೋ ಮಾಡುತ್ತಿರಬೇಕು, ಅದರಲ್ಲಿ ಅವಳದು ಅಕ್ಕಿಯ ಪಾತ್ರವಿರಬೇಕು ಎಂದುಕೊಂಡೆ. ಡ್ರಾಯಿಂಗ್ ಮೇಷ್ಟ್ರಿಗೆ ಈ ಸಲ ವರ್ಗವಾಗಿತ್ತು. ಚಿಂತೆಯಾಗಲಿಲ್ಲ. ಹುರುಳಿಯ ಮುಖ ಮಾಡು ಎಂದಿದ್ದರೆ ಕಷ್ಟವಿತ್ತು, ಅಕ್ಕಿಕಾಳಿನಷ್ಟು ಸುಲಭದ ಆಕಾರ ಈ ಸೃಷ್ಟಿಯಲ್ಲೇ ಇನ್ನೊಂದಿಲ್ಲ. ಉದ್ದಕ್ಕಿದ್ದರೆ ಸಾಕು, ಎರಡು ತುದಿ ಚೂಪಾದರೆ ಸಾಕು, ಬಣ್ಣವೂ ಬೇಡ, ಸುಣ್ಣ ಬಳಿದರೆ ಆಯಿತು. ನನ್ನ ಕೈಗೆ ತಕ್ಕ ಕೆಲಸವನ್ನು ದೇವರೇ ಹುಡುಕಿ ಕಳಿಸಿದ್ದಾನೆ ಎನ್ನಿಸಿತು.

ಮೊಬೈಲಿನಲ್ಲಿ ಮುಖವಾಡ ಮಾಡುವುದನ್ನು ಕಲಿಸುವವರ ಒಂದು ಲೋಕವೇ ಇದೆ. ಹೊಸಬರಿಗೆ ಅಂತಲೇ ಇದ್ದ ಒಂದು ವಿಡಿಯೋದಲ್ಲಿ ಗಡ್ಡದವನೊಬ್ಬ ಜೇಡಿಮಣ್ಣಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದ, ಅಲ್ಲೊಂದು ಕೆನ್ನೆ ಬಂತು. ನಾನೂ ಒತ್ತಿದೆ, ನನಗೆ ಗುಂಡಿ ಬಂತು. ಮಣ್ಣನ್ನು ಯಜಮಾನರು ಕೊಪ್ಪದ ಹತ್ತಿರದ ನಮ್ಮ ಗದ್ದೆಯಿಂದ ಸ್ಕೂಟರಿನ ಮುಂದೆ ಚೀಲದಲ್ಲಿಟ್ಟುಕೊಂಡು ತಂದಿದ್ದರು. ತಂದದ್ದನ್ನು ಹಿತ್ತಲಲ್ಲಿ ಸುರಿದು, “ಗದ್ದೇಲಿ ಅಕ್ಕಿ ಬೆಳೆಯೋದ್ ನೋಡಿದ್ದೆ, ಗದ್ದೆ ಮಣ್ಣಲ್ಲೇ ಅಕ್ಕಿ ಮಾಡೋರ್ನ ಇದೇ ಮೊದ್ಲು ನೋಡ್ತಿರೋದು” ಎಂದರು. ದೊಡ್ಡ ಪಾತ್ರೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಮಣ್ಣು ಮೆತ್ತಿದೆ. ತೆಗೆದೆ, ಮತ್ತೆ ಮೆತ್ತಿದೆ. ಅಕ್ಕಿಕಾಳು ಒಂದು ಸಲ ಹಲಸಿನ ಬೀಜವಾಯಿತು, ಒಂದು ಸಲ ಮಾವಿನ ಓಟೆಯಾಯಿತು. ಕೊನೆಗೂ ಉದ್ದಕ್ಕೆ ನೆಟ್ಟಗೆ ನಿಂತಾಗ, ಹಾಕಿಕೊಂಡವಳಿಗೆ ದಾರಿ ಕಾಣಬೇಕಲ್ಲ ಎಂದು ಎರಡು ಹೆಬ್ಬೆರಳನ್ನೂ ಒಟ್ಟಿಗೆ ಇಟ್ಟು ಕಣ್ಣಿಗೆ ಗುರುತು ಒತ್ತಿದೆ.

ಆಗ ನಡೆದದ್ದನ್ನು ಹೇಗೆ ಹೇಳಲಿ? ಅದುವರೆಗೆ ಅಲ್ಲಿ ಮಣ್ಣಿತ್ತು. ಬೆರಳು ತೆಗೆದ ಕೂಡಲೇ ಅಲ್ಲಿ ಯಾರೋ ಇದ್ದರು. ಮೂಗಿಲ್ಲ, ಬಾಯಿಲ್ಲ, ಎರಡೇ ಗುಳಿ, ಅಷ್ಟಕ್ಕೇ ಅದು ನನ್ನನ್ನು ನೋಡತೊಡಗಿತು. ನಾನು ಆ ಕಡೆ ಹೋದರೂ ನೋಡಿತು, ಈ ಕಡೆ ಬಂದರೂ ನೋಡಿತು. ಕೈಯಲ್ಲಿ ಮಣ್ಣು ಹಿಡಿದುಕೊಂಡು ಹಿತ್ತಲಲ್ಲಿ ಸುಮ್ಮನೆ ನಿಂತುಬಿಟ್ಟೆ. ಪಾತ್ರೆ ತೊಳೆಯುವ ಕಲ್ಲಿನ ಮೇಲೆ, ಸೋಪಿನ ಡಬ್ಬಿಯ ಪಕ್ಕದಲ್ಲಿ ಒಂದು ಜೀವ ಬಂದು ಕೂತಿದೆ, ಕರೆದವಳು ನಾನೇ ಎಂದರೆ ನನಗೇ ನಂಬಿಕೆ ಬರಲಿಲ್ಲ. ಅತ್ತೆ ಬಂದು ನೋಡಿದವರು ಮೊದಲು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡರು. ಆಮೇಲೆ ನಿಧಾನಕ್ಕೆ, “ಮೊಕ ಬಂದದೆ, ಕಳೆ ಬಂದಿಲ್ಲ” ಎಂದರು. “ಕಳೆ ಬಂದ್ರೆ ಕೀಳ್ಬೇಕಾಯ್ತದೆ, ಬುಡವ್ವ” ಎಂದು ಯಜಮಾನರು ಒಳಗಿನಿಂದಲೇ ಹೇಳಿದರು. ಗದ್ದೆಯವರ ಮನೆಯಲ್ಲಿ ಕಲೆಯ ವಿಮರ್ಶೆ ಇಷ್ಟಕ್ಕೆ ಮುಗಿಯುತ್ತದೆ.

ಮಣ್ಣಿನ ಮೇಲೆ ಕಾಗದ ಮೆತ್ತುವ ಕಾಲ ಬಂತು. ಗಡ್ಡದವನು ಯಾವುದೋ ಅಂಟಿನ ಹೆಸರು ಹೇಳಿದ್ದ. ಅತ್ತೆ ಅದನ್ನು ಕೇಳಿಸಿಕೊಳ್ಳಲೂ ಒಪ್ಪಲಿಲ್ಲ. ಅವರ ಕಾಲದಲ್ಲಿ ಬಿದಿರಿನ ಮೊರ ಸಡಿಲವಾದರೆ ನೆನೆಸಿದ ಕಾಗದಕ್ಕೆ ಮೆಂತ್ಯ ಹಾಕಿ ರುಬ್ಬಿ ಅದರ ಮೇಲೆ ಮೆತ್ತುತ್ತಿದ್ದರು, ಒಣಗಿದರೆ ಮೊರ ಹಲಗೆಯಷ್ಟು ಗಟ್ಟಿಯಾಗುತ್ತಿತ್ತು. “ಮೆಂತ್ಯ ಇಡ್ದಂಗೆ ಯಾವ್ ಅಂಟೂ ಇಡ್ಯಾಕಿಲ್ಲ” ಎಂದು ಅವರು ಮೆಂತ್ಯದ ಡಬ್ಬಿಯನ್ನೇ ತಂದು ಸುರಿದರು. ಕಾಗದಕ್ಕೆ ನಮ್ಮ ಮನೆಯಲ್ಲಿ ಬರವಿಲ್ಲ. ಹಳೆಯ ಕಿರುಪರೀಕ್ಷೆಯ ಪತ್ರಿಕೆಗಳ ಕಟ್ಟನ್ನೇ ನೆನೆಹಾಕಿದೆ. ಸಂಧಿ, ಸಮಾಸ, ಗಾದೆ ವಿಸ್ತರಣೆ ಎಲ್ಲವೂ ಮಿಕ್ಸಿಯಲ್ಲಿ ಒಂದೇ ಆದವು. ನಾನು ತಪ್ಪು ಹಾಕಿದ ಕೆಂಪು ಶಾಯಿ ಕರಗಿ ಇಡೀ ಮುದ್ದೆಗೆ ನಸುಗೆಂಪು ಬಂತು. ಅದನ್ನು ಮೆತ್ತಿ, ತಾರಸಿಯ ಮೇಲಿನ ಬಿಸಿಲಿಗಿಟ್ಟು, ಒಣಗಿದ ಮೇಲೆ ಮಣ್ಣನ್ನು ಕೆರೆದು ತೆಗೆದು, ಸುಣ್ಣ ಬಳಿದೆ. ಕೈಯಲ್ಲಿ ಹಿಡಿದರೆ ಗಾಳಿಯಷ್ಟು ಹಗುರ, ಬಡಿದರೆ ಟಕಟಕ ಎನ್ನುವಷ್ಟು ಗಟ್ಟಿ. ಮೂಲೆಯೂ ಇರಲಿಲ್ಲ. ಬೀದಿಯಲ್ಲಿ ಹೋಗುವವರನ್ನು ಕರೆದು ತೋರಿಸಬೇಕು ಎನ್ನುವಷ್ಟು ಸೊಕ್ಕು ಬಂತು.

ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅಕ್ಕನ ಊರಿಗೆ ಹೋದೆ. ಅವಳು ಬಾಗಿಲ ಹಿಂದೆ ಸೆರಗು ಹಿಡಿದುಕೊಂಡೇ ನಿಂತಿದ್ದಳು. ಗಂಟು ಬಿಚ್ಚಿ ಎರಡು ಕೈಯಲ್ಲೂ ಎತ್ತಿ ಹಿಡಿದೆ. ಅವಳು ಅತ್ತ ತಿರುಗಿಸಿ ನೋಡಿದಳು, ಇತ್ತ ತಿರುಗಿಸಿ ನೋಡಿದಳು.

“ಇದೇನಮ್ಮಿ ಇದು? ಮೊಟ್ಟೆನಾ?”

“ಮೊಟ್ಟೆ ಯಾಕಾಗುತ್ತೆ? ಅಕ್ಕಿ. ನೀನು ಹೇಳಿದ್ದೆಯಲ್ಲ.”

“ಎಲ್ಲೈತೆ ಅಕ್ಕಿ?”

“ಇದೇ ಕಣೆ ಅಕ್ಕಿ. ಕಾಳು.”

ಅಕ್ಕ ಅಂಗಳದ ಹುಣಸೆಮರದ ಕಡೆ ಕೈ ತೋರಿಸಿದಳು. ಮೇಲೆ, ರೆಂಬೆಗಳ ತುದಿಯಲ್ಲಿ, ದೊಡ್ಡ ಕೊಕ್ಕಿನ ಹೆಜ್ಜಾರ್ಲೆಗಳು ಸಾಲಾಗಿ ಕೂತಿದ್ದವು. “ಆ ಅಕ್ಕಿ ಕಣಮ್ಮಿ” ಎಂದಳು. ಹೇಳಿ ಮುಗಿಸುವ ಮೊದಲೇ ಅವಳಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಜಗಲಿಯ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಎರಡು ಕೈಯೂ ಹೊಟ್ಟೆಯ ಮೇಲಿದ್ದವು. ಸೆರಗು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಇಷ್ಟು ತಿಂಗಳ ಮೇಲೆ ನಾನು ಅವಳ ಪೂರ್ತಿ ಮುಖ ನೋಡಿದ್ದು ಆಗಲೇ. ನಗು ಅಷ್ಟೂ ಬಲಗಡೆಗೆ ಹೋಗುತ್ತಿತ್ತು, ಎಡಗಡೆ ತಾನು ಬರುವುದಿಲ್ಲ ಎಂದು ಅಲ್ಲೇ ನಿಂತಿತ್ತು. ನೋಡಲು ನನಗೆ ಕಷ್ಟವಾಗಲಿಲ್ಲ, ಅವಳನ್ನು ನೋಡಿದ ಸಂತೋಷವೇ ದೊಡ್ಡದಾಗಿತ್ತು. ನಾನು ನೋಡುತ್ತಿರುವುದು ತಿಳಿದ ಕೂಡಲೇ ಸೆರಗು ಮೇಲೆ ಬಂತು.

ನಮ್ಮ ಕಡೆಯವರಿಗೂ ಹಕಾರಕ್ಕೂ ಅಷ್ಟಕ್ಕಷ್ಟೆ. ನಮ್ಮಲ್ಲಿ ಹಸು ಅಸುವಾಗುತ್ತದೆ, ಹಾಲು ಆಲಾಗುತ್ತದೆ, ಹಳ್ಳಿಯಂತೂ ಎಂದೋ ಅಳ್ಳಿಯಾಗಿದೆ. ಇದನ್ನು ತಿದ್ದುವುದೇ ನನ್ನ ಕಸುಬು. ನನ್ನ ಹೆದರಿಕೆಗೆ ಮಕ್ಕಳು ಬೇಕಿಲ್ಲದ ಕಡೆಯಲ್ಲೂ ಹಕಾರ ಹಾಕುತ್ತವೆ. ಒಬ್ಬಳು ಆನೆಯನ್ನು ಹಾನೆ ಎಂದು ಬರೆದಿದ್ದಳು, ಇನ್ನೊಬ್ಬ ತನ್ನ ತಂದೆಯನ್ನು ಹಪ್ಪ ಎಂದು ಕರೆದಿದ್ದ. ತಿದ್ದಿ ತಿದ್ದಿ ನನ್ನ ಕಿವಿಗೆ ಏನಾಗಿದೆ ಎಂದರೆ, ಅಕ್ಕಿ ಎಂದರೆ ಅದು ಅಕ್ಕಿಯನ್ನೇ ಕೇಳಿಸಿಕೊಳ್ಳುತ್ತದೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕನ ಮಾತನ್ನು ವ್ಯಾಕರಣ ಪುಸ್ತಕದಂತೆ ಓದಿದವಳು ನಾನೊಬ್ಬಳೇ ಇರಬೇಕು.

ಕಾರ್ಯಕ್ರಮದ ವಿಷಯ ಆಗ ಸರಿಯಾಗಿ ತಿಳಿಯಿತು. ಚಳಿಗಾಲದಲ್ಲಿ ಗೂಡು ಕಟ್ಟಲು ಬರುವ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಆ ಕಡೆಯವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಅಕ್ಕನ ಸಂಘದವರು ಈ ಸಲ ಆ ಮಗಳನ್ನು ಶಾಲೆಯ ಬಯಲಿನಲ್ಲಿ ಸೋಬಾನೆ ಹಾಡಿ, ಆರತಿ ಎತ್ತಿ ಬರಮಾಡಿಕೊಳ್ಳಬೇಕು ಎಂದುಕೊಂಡಿದ್ದರು. ಹಾಡಲು ಅಕ್ಕನೇ ಬೇಕು. ಅಕ್ಕ ಬರುವುದಿಲ್ಲ. ಹಕ್ಕಿಯ ವೇಷ ಹಾಕಿ ಮುಖ ಮುಚ್ಚಿಕೊಂಡರೆ ಒಳಗಿನಿಂದ ಹಾಡಬಹುದಲ್ಲ ಎಂಬ ಉಪಾಯ ಅವಳಿಗೇ ಹೊಳೆದಿತ್ತು.

ಅಂದು ಮಧ್ಯಾಹ್ನ ನಾವಿಬ್ಬರೂ ಹುಣಸೆಮರದ ಕೆಳಗೆ, ಹಿಕ್ಕೆ ಬೀಳದ ಜಾಗ ನೋಡಿಕೊಂಡು ಕುಳಿತು ಹೆಜ್ಜಾರ್ಲೆಯನ್ನು ನೋಡಿದೆವು. ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ, ಅದನ್ನು ನೋಡಿದ್ದು ಎನ್ನಲಾಗದು. ಕೊಕ್ಕು ಮೊಳದುದ್ದವಿತ್ತು. ಮೇಲಿನ ಕೊಕ್ಕಿನ ಅಂಚಿಗೆ ಯಾರೋ ಬೆರಳದ್ದಿ ಇಟ್ಟಂತೆ ಸಾಲಾಗಿ ನೀಲಿ ಚುಕ್ಕೆ. ಕೆಳಗೆ ಜೋಳಿಗೆ. ಮೈಯ ಬೂದು ಬಣ್ಣದೊಳಗೆ ಎಲ್ಲೋ ಒಂದಿಷ್ಟು ಕೆಂಪು. ರೆಂಬೆಯ ಮೇಲೆ ಅದರಷ್ಟು ಒಡ್ಡೊಡ್ಡಾದ ಪ್ರಾಣಿ ಇಲ್ಲ, ಹೆಜ್ಜೆ ಇಟ್ಟರೆ ಬೀಳುತ್ತದೇನೋ ಎನ್ನಿಸುತ್ತದೆ. ಅದೇ ಹಕ್ಕಿ ರೆಕ್ಕೆ ಬಿಚ್ಚಿ ಮರ ಬಿಟ್ಟಾಗ ಅಂಗಳದ ಮೇಲೆ ನೆರಳು ಹಾದುಹೋಯಿತು, ರೆಕ್ಕೆಯ ಸದ್ದೂ ಇಲ್ಲ. ಇಷ್ಟು ಭಾರದ್ದು ಇಷ್ಟು ಹಗುರಾಗುವುದು ಹೇಗೆ ಎಂದು ನಾನು ಬಾಯಿ ತೆರೆದು ನೋಡುತ್ತಿದ್ದೆ. “ಬಾಯ್ ಮುಚ್ಕೊ, ಮ್ಯಾಲಿಂದ ಏನಾರ ಬೀಳ್ತದೆ” ಎಂದಳು ಅಕ್ಕ.

ಅಕ್ಕಿಕಾಳು ವ್ಯರ್ಥವಾಗಲಿಲ್ಲ. ಅದರ ಮೇಲ್ಭಾಗ ಹಕ್ಕಿಯ ನೆತ್ತಿಗೆ ಸರಿಯಾಗಿತ್ತು. ಆದರೆ ಮುಖಕ್ಕೆ ಕೂರುತ್ತಿರಲಿಲ್ಲ, ಕೆನ್ನೆಯ ಹತ್ತಿರ ಬೆಳಕು ನುಗ್ಗಿ ಬಾಯಿ ಕಾಣುತ್ತಿತ್ತು. ಗಡ್ಡದವನ ಇನ್ನೊಂದು ವಿಡಿಯೋದಲ್ಲಿ ಮನುಷ್ಯರ ಮುಖದ ಮೇಲೇ ಕಾಗದ ಮೆತ್ತಿ ಅಚ್ಚು ತೆಗೆಯುವುದನ್ನು ನೋಡಿದ್ದೆ. ಹಾಗೆ ಮಾಡೋಣವೇ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಕೇಳಿದೆ. ಅಕ್ಕ ಎದ್ದು ಬಾಗಿಲು ಹಾಕಿ ಬಂದು, ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿ, ಸೆರಗನ್ನು ತಾನೇ ಪಕ್ಕಕ್ಕೆ ಸರಿಸಿದಳು.

ಹರಳೆಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಹಣೆಯಿಂದ ಶುರುಮಾಡಿದೆ. ಹುಬ್ಬು, ಕಣ್ಣಿನ ಗುಳಿ, ಮೂಗಿನ ಎರಡು ಕಡೆ. ಚಿಕ್ಕಂದಿನಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಅವಳು, ನಾನು ಅವಳ ಮುಖ ಮುಟ್ಟಿದ್ದು ಇದೇ ಮೊದಲು. ಬಲಗೆನ್ನೆ ಬೆರಳಿಗೆ ಪ್ರತಿಯಾಗಿ ತಾನೂ ಅಲುಗುತ್ತಿತ್ತು. ಎಡಗೆನ್ನೆ ಬರೀ ಮೆತ್ತಗಿತ್ತು. ಬಾಯಿಯ ಮೂಲೆಗೆ ಬಂದಾಗ ನನ್ನ ಬೆರಳು ನಿಂತಿತು. “ಅಲ್ಲೂ ಅಚ್ಚು, ಅಲ್ಲೇನ್ ಮುಳ್ಳಿಲ್ಲ” ಎಂದಳು ಕಣ್ಣು ಮುಚ್ಚಿಕೊಂಡೇ. ಒಂದು ಮುಖದ ಹಿಂದೆ ಇಷ್ಟೊಂದು ನರ, ಇಷ್ಟೊಂದು ಸ್ನಾಯು ಹಗಲೂ ಇರುಳೂ ನಮ್ಮ ಅಪ್ಪಣೆ ಕೇಳದೆ ದುಡಿಯುತ್ತಿವೆ, ಒಂದು ನಗುವಿಗೆ ಅಷ್ಟೂ ಸೇರಬೇಕು ಎಂದು ನನಗೆ ಅಂದು ಕೈಯಿಂದ ತಿಳಿಯಿತು. ತಿಳಿದು ಭಯವೇ ಆಯಿತು. ನಾನು ನಗುವುದನ್ನು ಎಂದೂ ಒಂದು ಕೆಲಸ ಎಂದುಕೊಂಡಿರಲಿಲ್ಲ.

ಮೂಗಿನ ಹೊಳ್ಳೆ ಬಿಟ್ಟು, ಕಾಗದದ ಪಟ್ಟಿಗಳನ್ನು ಮೆಂತ್ಯದ ಲೋಳೆಯಲ್ಲಿ ಅದ್ದಿ ಮೆತ್ತಿದೆ. ಫ್ಯಾನಿನ ಗಾಳಿಗೆ ಅದು ಒಣಗುವವರೆಗೆ ಅಕ್ಕ ಅಲುಗಾಡದೆ ಮಲಗಿದ್ದಳು. ಎತ್ತಿದಾಗ ಅಚ್ಚು ಬಟ್ಟಲಿನಂತೆ ಕೈಗೆ ಬಂತು. ಒಳಗಡೆ ನೋಡಿದೆ. ಮೂಗು ಒಳಕ್ಕೆ, ಕೆನ್ನೆ ಒಳಕ್ಕೆ, ಎಲ್ಲವೂ ಗುಳಿ. ಆದರೆ ನೋಡುತ್ತ ನೋಡುತ್ತ ಆ ಗುಳಿ ಉಬ್ಬಿ ಹೊರಕ್ಕೆ ಬಂದು ಪೂರ್ತಿ ಮುಖವಾಯಿತು. ನಾನು ಎಡಕ್ಕೆ ಸರಿದರೆ ಅದು ಎಡಕ್ಕೆ ತಿರುಗಿತು, ಬಲಕ್ಕೆ ಸರಿದರೆ ಬಲಕ್ಕೆ. ಬೆಳಕಿನ ಆಟ ಎಂದು ಯಾರಾದರೂ ವಿವರಿಸಬಹುದು, ವಿವರಿಸಲಿ. ನನ್ನ ಮೈ ಜುಮ್ಮೆಂದಿತು. ಅಕ್ಕ ಎದ್ದು ಕೂತು ಅದನ್ನು ಇಸಿದುಕೊಂಡು ತಾನೂ ಹಾಗೂ ಹೀಗೂ ತಿರುಗಿಸಿ ನೋಡಿದಳು.

“ನಾನ್ ಇಂಗಿದ್ದೀನಾ?”

“ಹೂಂ.”

“ಕನ್ನಡೀಲಿ ಇನ್ನೂ ಸೊಟ್ಟ ಕಾಣ್ತದೆ” ಎಂದಳು. ಅಚ್ಚನ್ನು ನನ್ನ ಕೈಗೆ ವಾಪಸು ಕೊಡುತ್ತ, “ಆದ್ರೂ ಮುಚ್ಕೊಂಡೇ ಬರೋದು, ಅದ್ರಲ್ಲಿ ಮಾತಿಲ್ಲ” ಎಂದಳು.

ಅಚ್ಚನ್ನು ಮದ್ದೂರಿಗೆ ತಂದು ಅಕ್ಕಿಕಾಳಿನ ನೆತ್ತಿಯನ್ನು ಅದಕ್ಕೆ ಕೂಡಿಸಿದೆ. ರಟ್ಟಿನ ಎರಡು ಹಲಗೆಯನ್ನು ಕೊಕ್ಕು ಮಾಡಿ, ಮೇಲೆ ಮೆಂತ್ಯದ ಮುದ್ದೆ ಮೆತ್ತಿ, ಕೆಳಗೆ ಹಳದಿ ಬಟ್ಟೆಯ ಜೋಳಿಗೆ ಹೊಲಿದೆ. ಕೆಂಪು ಶಾಯಿಯ ನಸುಗೆಂಪು ಹೆಜ್ಜಾರ್ಲೆಯ ಮೈಬಣ್ಣಕ್ಕೆ ಎಷ್ಟು ಹೊಂದಿತೆಂದರೆ ಸುಣ್ಣವನ್ನೇ ಕೆರೆದು ತೆಗೆದೆ. ನೀಲಿ ಚುಕ್ಕೆಗಳನ್ನು ಕಿರುಬೆರಳಿನಿಂದ ಇಟ್ಟೆ. ಅತ್ತೆ ಮೂಸಿ ನೋಡಿ, “ಬಾಣಂತನಕ್ಕೆ ಬರೋ ಅಕ್ಕಿಗೆ ಮೆಂತ್ಯ ಸರಿಯಾಗೇ ಬಿತ್ತು, ಸೊಂಟಕ್ಕೆ ಒಳ್ಳೇದು” ಎಂದರು. ಈ ಸಲ ಅವರು ಕಳೆಯ ಮಾತೆತ್ತಲಿಲ್ಲ.

ಕಾರ್ಯಕ್ರಮದ ಬೆಳಿಗ್ಗೆ ಅಕ್ಕ ಹಸಿರು ಸೀರೆಯುಟ್ಟು, ಮುಖವಾಡ ಕಟ್ಟಿಕೊಂಡು, ನನ್ನ ಕೈ ಹಿಡಿದು ಶಾಲೆಯ ಬಯಲಿಗೆ ಬಂದಳು. ಮಕ್ಕಳು ಸದ್ದಿಲ್ಲದೆ ದಾರಿ ಬಿಟ್ಟವು. ಅವಳು ತಲೆ ತಿರುಗಿಸಿದರೆ ಕೊಕ್ಕು ನಿಧಾನಕ್ಕೆ ತಿರುಗುತ್ತಿತ್ತು, ನಿಜವಾದ ಹೆಜ್ಜಾರ್ಲೆಯೇ ಮರದಿಂದಿಳಿದು ಬಂದ ಹಾಗಿತ್ತು. ಅದನ್ನು ಮಾಡಿದವಳು ನಾನು ಎಂಬುದು ಮರೆತು ನಾನೂ ಬೆರಗಿನಿಂದ ನೋಡಿದೆ. ಹೆಂಗಸರು ಮಣೆ ಹಾಕಿ ಕೂರಿಸಿದರು, ಅರಿಶಿನ ಕುಂಕುಮ ಇಟ್ಟರು. ಒಳಗಿನಿಂದ ಅಕ್ಕನ ಮೊದಲ ಸೊಲ್ಲು ಬಂತು. ಮೆಂತ್ಯದ ಗೋಡೆಯೊಳಗಿನಿಂದ ಬಂದರೂ ಅದು ಅವಳದೇ ದನಿ. ಭಾವ ದೂರದ ಬೇವಿನಮರದ ಕೆಳಗೆ ನಿಂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಆಗ ಚಿಕ್ಕತಾಯಮ್ಮ ಎದ್ದರು. ಇವರು ಅಕ್ಕನ ಪಕ್ಕದ ಮನೆಯವರು, ಸಂಘಕ್ಕೆಲ್ಲ ಹಿರಿಯರು. ನಮ್ಮ ಕಡೆ ದೂರದಿಂದ ಬಂದ ಮಗಳಿಗೆ ಮೊದಲು ನೀರು, ಬೆಲ್ಲ ಕೊಡಬೇಕು. ಅದನ್ನು ಎಲ್ಲರೂ ಮರೆತಿದ್ದರು, ಚಿಕ್ಕತಾಯಮ್ಮ ಮರೆತಿರಲಿಲ್ಲ. “ಎಲ್ಲಿಂದ್ಲೋ ಆರ್ಕೊಂಡ್ ಬಂದದೆ ಮಗ, ಬಾಯಾರಿರ್ತದೆ” ಎಂದು ಹೇಳುತ್ತ, ನಾನು ಬೇಡ ಎನ್ನುವಷ್ಟರಲ್ಲಿ, ಒಂದು ಚೊಂಬು ನೀರನ್ನು ಹೆಜ್ಜಾರ್ಲೆಯ ಜೋಳಿಗೆಗೆ ಸುರಿದರು. ಮೇಲೆ ಒಂದು ತುಂಡು ಬೆಲ್ಲವನ್ನೂ ಹಾಕಿದರು.

ಒಣಗಿದ ಮೆಂತ್ಯ ಹಲಗೆಯಷ್ಟು ಗಟ್ಟಿ ಎಂದು ಅತ್ತೆ ಹೇಳಿದ್ದರು. ನೆನೆದ ಮೆಂತ್ಯ ಏನಾಗುತ್ತದೆ ಎಂದು ಹೇಳಿರಲಿಲ್ಲ, ಅಡುಗೆ ಮಾಡುವ ನನಗೆ ಹೇಳಬೇಕಾಗಿಯೂ ಇರಲಿಲ್ಲ. ಮೊದಲು ಏನೂ ಆಗಲಿಲ್ಲ. ಹಾಡು ಮುಂದುವರಿಯುತ್ತಿದ್ದಂತೆ ಕೊಕ್ಕು ಮೆಲ್ಲಗೆ ಬಾಗತೊಡಗಿತು. ನೇರ ಕೆಳಕ್ಕೆ ಬಾಗಿದ್ದರೆ ಹಕ್ಕಿ ಮೀನು ಹುಡುಕುತ್ತಿದೆ ಎನ್ನಬಹುದಿತ್ತು. ಅದು ಎಡಕ್ಕೆ ಬಾಗಿತು. ಬಾಗಿ, ಎಡಗೆನ್ನೆಯ ಮೇಲೆ ಜೋತುಬಿತ್ತು. ಮುಂದಿನ ಸಾಲಿನಲ್ಲಿದ್ದ ಒಂದು ಮಗು ಎಲ್ಲರಿಗೂ ಕೇಳುವಂತೆ, “ಅವ್ವಾ, ಅಕ್ಕಿ ಬಾಯಿ ಸೊಟ್ಟ ಆಯ್ತು” ಎಂದಿತು.

ಹಾಡು ನಿಂತಿತು. ಹೆಂಗಸರೆಲ್ಲ ಒಟ್ಟಿಗೆ ನೆಲ ನೋಡಿದರು. ಆ ಮಾತು ಯಾರಿಗೆ ಹೋಗಿ ತಾಗಿರುತ್ತದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕ ಎದ್ದು ಮನೆಗೆ ಹೋಗುತ್ತಾಳೆ, ಇನ್ನೆಂದೂ ಹೊರಗೆ ಬರುವುದಿಲ್ಲ, ಎಲ್ಲ ನನ್ನ ಕೈಯಿಂದ ಆಯಿತು ಎಂದುಕೊಂಡೆ. ಮುಖವಾಡ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ಓಡಿಹೋದೆ. ಹತ್ತಿರ ಹೋದಾಗ ಕೇಳಿಸಿತು, ಒಳಗೆ ನಗುತ್ತಿದ್ದಳು. ಎರಡು ಕೈಯಿಂದ ಮುಖವಾಡವನ್ನು ಎತ್ತಿ ತೆಗೆದಳು. ಹಣೆಗೆಲ್ಲ ಮೆಂತ್ಯದ ಲೋಳೆ. ಅವಳು ಆ ಮಗುವಿನ ಕಡೆ ತಿರುಗಿ, “ಊಂ ಕಣಪ್ಪ, ಅಕ್ಕೀದೂ ಸೊಟ್ಟ, ನಂದೂ ಸೊಟ್ಟ. ಆಡು ನೆಟ್ಟಗೈತೆ, ಅದ್ನ ಕೇಳು” ಎಂದಳು. ನಿಂತಲ್ಲಿಂದಲೇ ಹಾಡು ಎತ್ತಿಕೊಂಡಳು. ಬಾಯಿ ಬಲಕ್ಕೆ ಎಳೆದುಕೊಂಡು, ಎಡಮೂಲೆ ಇಳಿಬಿದ್ದು, ಪಕಾರ ಬಕಾರಗಳಲ್ಲಿ ಗಾಳಿ ಸೋರಿ, ಆ ಹಾಡು ಬಯಲನ್ನು ತುಂಬಿತು. ಹೆಂಗಸರು ತಲೆಯೆತ್ತಿ ಸೊಲ್ಲು ಹಿಡಿದರು. ನಾನು ಅಷ್ಟು ಚೆಂದದ ಮುಖವನ್ನು ಅದುವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹಾಡು ಮುಗಿದ ಮೇಲೆ ಯಾರೋ ಮೊಬೈಲು ಹಿಡಿದು ಫೋಟೋಕ್ಕೆ ಕರೆದರು. ನಾನು ಅತ್ತೂ ಅತ್ತೂ ಮೂಗು ಕೆಂಪಾಗಿ, ಕಾಡಿಗೆ ಕೆನ್ನೆಗಿಳಿದು, ಸೆರಗಿನಲ್ಲಿ ಒರೆಸಿ ಅದನ್ನು ಇನ್ನಷ್ಟು ಹರಡಿಕೊಂಡು ನಿಂತಿದ್ದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಮ್ಮಿ, ಈಗ ನಿನ್ ಮೊಕಾನೇ ನೋಡಕ್ಕಾಯ್ತಿಲ್ಲ, ತಕ್ಕೊ, ನೀನೇ ಇಕ್ಕೊ” ಎಂದು ಒದ್ದೆ ಮುಖವಾಡವನ್ನು ನನ್ನ ತಲೆಗೆ ಹಾಕಿ ದಾರ ಬಿಗಿದಳು. ಅದು ಅವಳ ಮುಖದ ಅಳತೆಗೆ ಮಾಡಿದ್ದು, ಕಣ್ಣಿನ ತೂತು ನನ್ನ ಹುಬ್ಬಿನ ಮೇಲೆ ಬಂತು. ನನಗೆ ಏನೂ ಕಾಣಲಿಲ್ಲ. ಫೋಟೋ ಈಗ ನಮ್ಮ ಸ್ಟಾಫ್ ರೂಮಿನವರ ಮೊಬೈಲುಗಳಲ್ಲೆಲ್ಲ ಇದೆ. ಅದರಲ್ಲಿ ಅಕ್ಕ ಸೆರಗು ಬಿಟ್ಟು ಬಾಯಿ ತುಂಬ ನಗುತ್ತಿದ್ದಾಳೆ, ಪಕ್ಕದಲ್ಲಿ ಕೊಕ್ಕು ಸೊಟ್ಟಗಾದ ದಪ್ಪ ಹೆಜ್ಜಾರ್ಲೆಯೊಂದು ನಿಂತಿದೆ. ಮುಖವಾಡ ಮಾಡಿದವರು ಎಲ್ಲಿ ಮೇಡಂ, ಕಾಣುತ್ತಲೇ ಇಲ್ಲವಲ್ಲ ಎಂದು ಎಲ್ಲರೂ ಕೇಳುತ್ತಾರೆ.